ಸೋಮಮ್ಮನ ಮನೆಯ ಮುಂದೆ ನಿಂತ ಬಸ್ಸು

ಗುರುಬಸಮ್ಮ ಕುದಿನೀರಿನ ಗೂಡುಗಳಿಂದ ರೇಷ್ಮೆಯ ಎಳೆ ಎತ್ತುತ್ತಿದ್ದಾಗ ಕೊಳ್ಳೇಗಾಲ ಠಾಣೆಯ ಪೇದೆ ಮಾದಣ್ಣ ಬಾಗಿಲಲ್ಲಿ ನಿಂತ.

"ಏಳವ್ವಾ, ಇನ್ಸ್‌ಪೆಕ್ಟ್ರು ಕರೀತಾವ್ರೆ. ಬಸ್ ಅತ್ಬೇಕಂತೆ."

ಎಳೆ ಕಡಿಯಿತು. ಅವಳ ಗಂಡ, ಬಸ್ ಡ್ರೈವರ್ ರುದ್ರಸ್ವಾಮಿ, ವಾರದಿಂದ ಠಾಣೆಗೂ ಮನೆಗೂ ಅಲೆಯುತ್ತಿದ್ದ.

ಅದು 1951ರ ಮಾಘಮಾಸ. ಹಿಂದಿನ ಸೋಮವಾರ ಬಸ್ ಮಾಲೀಕ ಚಿಕ್ಕಮಾದಪ್ಪ ದೂರು ಕೊಟ್ಟಿದ್ದ: ಮೂರು ಸೋಮವಾರಗಳಿಂದ ಹನೂರು ದಾರಿಯಲ್ಲಿ ಬಸ್ಸು ಓಡುತ್ತಿದ್ದಂತೆಯೇ ಎಂಜಿನ್ ಆರುತ್ತದೆ, ಮೂರನೆಯ ಸಲ ಏರಿನಲ್ಲಿ ಹಿಂದಕ್ಕೆ ಜಾರಿ, ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಮುದುಕನೊಬ್ಬನ ಕಾಲು ಮುರಿದಿದೆ. ಎಫ್‌ಐಆರ್ ಆಯಿತು. ಮೂರು ಸಲವೂ ಬಸ್ಸು ನಿಂತದ್ದು ಸೋಮಮ್ಮನ ಮನೆಯ ಮುಂದೆಯೇ. ಒಂದು ಕಾಲಕ್ಕೆ ರುದ್ರಸ್ವಾಮಿಗೆ ಗೊತ್ತುಮಾಡಿದ್ದ ಹೆಣ್ಣು ಅವಳು; ಈಗ ವಿಧವೆ.

ಇನ್ಸ್‌ಪೆಕ್ಟರ್ ಬಸವಲಿಂಗಯ್ಯ ವಿಚಾರಿಸಿದಾಗ ಗುರುಬಸಮ್ಮನ ಹೊಟ್ಟೆಕಿಚ್ಚು ನಾಲಿಗೆಗೆ ಬಂದುಬಿಟ್ಟಿತ್ತು. "ತಾನೇ ನಿಲ್ಲುಸ್ತಾನೆ ಸಾ, ಅವಳ ಮೋರೆ ನೋಡಾಕೆ." ಆ ಒಂದು ಮಾತಿಗೆ ಗಂಡ ಜೈಲು ಸೇರುವ ಹಾಗಾಗಿತ್ತು.

ಈ ಸೋಮವಾರವೂ ರುದ್ರಸ್ವಾಮಿಯೇ ಬಸ್ಸು ಓಡಿಸುತ್ತಾನೆಂದು ಬಸವಲಿಂಗಯ್ಯ ಸುದ್ದಿ ಹಬ್ಬಿಸಿದ್ದರು. ಎಂದಿನಂತೆ ಟ್ಯಾಂಕು ತುಂಬಿತು. ಮಾಲೀಕನ ಇನ್ನೊಬ್ಬ ಡ್ರೈವರ್ ಮಹದೇವು ಪ್ರತಿ ಸೋಮವಾರದಂತೆ ಪೂಜೆ ಮಾಡಿ, ಟ್ಯಾಂಕಿನ ಮುಚ್ಚಳಕ್ಕೆ ವಿಭೂತಿ ಬಳಿದ. ಬೆಟ್ಟದ ಮಾದಪ್ಪನ ಹೆಸರಿನಲ್ಲಿ ವಿಭೂತಿ ಇಟ್ಟ ಮುಚ್ಚಳವನ್ನು ಸಂಜೆಯವರೆಗೆ ಯಾರೂ ತೆಗೆಯುವಂತಿರಲಿಲ್ಲ. ಪೂಜೆ ಮುಗಿದ ಮೇಲೆ ಚಕ್ರ ಹಿಡಿದು ಕೂತವನು ಮಾತ್ರ ಬೇರೆ ಊರಿನ ಮೆಕ್ಯಾನಿಕ್. ಆ ಮಾತು ಆಡಿದವಳೇ ಕಣ್ಣಾರೆ ನೋಡಲೆಂದು ಗುರುಬಸಮ್ಮನನ್ನೂ ಬಸವಲಿಂಗಯ್ಯ ತಮ್ಮ ಜೊತೆ ಬಸ್ಸಿಗೆ ಹತ್ತಿಸಿಕೊಂಡಿದ್ದರು.

ಸೋಮಮ್ಮನ ಮನೆಯ ಹೆಂಚು ಕಂಡಿತು. ಗುರುಬಸಮ್ಮ ಕಿಟಕಿಯಿಂದ ಕತ್ತು ಚಾಚಿದಳು. ಎಂಜಿನ್ ಎರಡು ಸಲ ಕೆಮ್ಮಿ ಆರಿತು.

"ಅವ್ನಿಲ್ದೇನೂ ನಿಂತ್ಕತಲ್ಲ ಸಾ!" ಎಂದ ಮಾದಣ್ಣ.

ಮೆಕ್ಯಾನಿಕ್ ಬಾನೆಟ್ ಎತ್ತಿದ. "ಕಾರ್ಬುರೇಟರ್ ಒಣಗ್ಕಂಡದೆ. ಟ್ಯಾಂಕ್ ನೋಡಿದ್ರೆ ತುಂಬ್ಕಂಡದೆ."

"ಮುಚ್ಚಳ ತೆಗಿ," ಎಂದರು ಬಸವಲಿಂಗಯ್ಯ.

"ಸೋಮವಾರ ಸಾ... ಇಬೂತಿ..." ಮಾದಣ್ಣ ಹಿಂದೆ ಸರಿದ.

ಗುರುಬಸಮ್ಮ ಇಳಿದು ಬಂದು ತಾನೇ ತಿರುಗಿಸಿದಳು. ಬುಸ್ಸೆಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ವಿಭೂತಿ ಒರೆಸಿದರೆ, ಮುಚ್ಚಳದ ಗಾಳಿತೂತಿನಲ್ಲಿ ಮೇಣ!

"ಗಾಳಿ ಒಳಕ್ಕೋಗ್ದಿದ್ರೆ ಪೆಟ್ರೋಲ್ ಇಳಿಯಲ್ಲ ಸಾ. ಪ್ರತಿ ಸೋಮಾರ ಅಷ್ಟೇ ತುಂಬಿದ ಟ್ಯಾಂಕು, ಅದೇ ದಾರಿ. ಇಲ್ಲಿಗ್ ಬರೋವೊತ್ಗೆ ಉಸ್ರು ಕಟ್ತದೆ," ಎಂದ ಮೆಕ್ಯಾನಿಕ್.

ಸೋಮಮ್ಮನ ಜಗುಲಿಯ ಮೇಲೆಯೇ ಪಂಚನಾಮೆ ಬರೆದರು. ಮಧ್ಯಾಹ್ನ ಮಹದೇವುವಿನ ಬಂಧನವಾಯಿತು.

"ಯಾಕೆ ಮಾಡಿದೆ?"

"ಒಸ ಗಾಡಿ ನಂಗೇ ಅಂದಿದ್ರು ಸಾ. ಅವ್ನಿಗ್ ಕೊಟ್ರು. ಅವ್ನು ಆರನ್ ಒಡ್ದಾಗೆಲ್ಲ ಒಟ್ಟೇಲಿ ಬೆಂಕಿ ಬಿದ್ದಂಗಾಯ್ತಿತ್ತು."

ಠಾಣೆಯ ಬೆಂಚಿನ ಮೇಲಿದ್ದ ಗುರುಬಸಮ್ಮ ಮುಖ ಎತ್ತಲಿಲ್ಲ. ಆ ಬೆಂಕಿಯ ಗುರುತು ಅವಳಿಗೂ ಇತ್ತು.

ಸಂಜೆ ರುದ್ರಸ್ವಾಮಿ ಊಟಕ್ಕೆ ಕೂತ. "ನಾನೇ ನಿಲ್ಲುಸ್ತೀನಿ ಅಂತ ಯಾರ್ ಏಳಿರ್ಬೋದಮ್ಮಿ?"

"ಜನದ ಬಾಯಿ. ಉಣ್ಣು."

"ಪಾಪ, ಸೋಮಮ್ಮನ್ನೂ ಎಳ್ದುಬುಟ್ರು. ಬಸ್ ನಿಂತಾಗೆಲ್ಲ ಎಲ್ರಿಗೂ ಮಜ್ಜಿಗೆ ಕೊಡೋಳು. ಏನ್ ಮಜ್ಜಿಗೆ ಅಂತೀಯ!"

ಸೌಟು ಅರೆಗಳಿಗೆ ನಿಂತಿತು. ಆ ಮಾತು ಆಡಿದವಳು ತಾನೆಂದು ಅವನಿಗೆ ಎಂದೂ ತಿಳಿಯಬಾರದು. ನಾಳೆಯಿಂದ ಬುತ್ತಿಯ ಜೊತೆಗೆ ಒಂದು ಚೊಂಬು ಮಜ್ಜಿಗೆಯನ್ನೂ ಕಟ್ಟಬೇಕು, ಇಂಗು ಕರಿಬೇವು ಹಾಕಿ. ಹಾಗೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು, ಅವಳು ಅವನ ಮುದ್ದೆಯ ಮೇಲೆ ಇನ್ನಷ್ಟು ಸಾರು ಬಿಟ್ಟಳು.