ನಾಲ್ಕು ಗಂಟೆಗೆ ಹೇಳದ ಮಾತು

"ಯವ್ವಾ..."

ಗೊನೆ ಕೊಯ್ಯುವವರನ್ನು ಖರ್ಜೂರದ ಮರದೆತ್ತರಕ್ಕೆ ಒಯ್ಯುವ ಲಿಫ್ಟು ಒಮ್ಮೆ ತೂಗಿದ್ದೇ ತಡ, ಸುವರ್ಣಾಳ ಬಾಯಿಂದ ಆ ಕೂಗು ಹೊರಟಿತ್ತು.

ಪಕ್ಕದ ಮರದ ಎತ್ತರದಿಂದ ದನಿಯೊಂದು ಬಂತು. "ಕೆಳಗ ನೋಡಬ್ಯಾಡ್ರಿ. ಕಂಬಿ ಗಟ್ಟಿ ಹಿಡ್ಕೋರಿ... ಯಾವೂರ್ರಿ ನಿಮ್ಮದು?"

ಇಸ್ರೇಲಿನ ಮರಳುಗಾಡಿನಲ್ಲಿ ಕನ್ನಡ! ಭಯವೇ ಮರೆತುಹೋಯಿತು.

"ಇಂಡಿರಿ."

"ನಮ್ಮದು ದೇವಣಗಾಂವ. ಸಂಗಮೇಶ ಅಂತಾರ."

ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಆ ಕಿಬ್ಬುತ್ಸ್ ಎಂಬ ಊರಿಗೆ ಇಬ್ಬರೂ ಆರು ತಿಂಗಳ ಸ್ವಯಂಸೇವಕರಾಗಿ ಬಂದಿದ್ದರು. ಅವಳು ಇಂಡಿಯ ನಿಂಬೆ ತೋಟದ ಮಗಳು, ಅವನು ಭೀಮಾ ನದಿ ದಂಡೆಯ ರೈತ. ಎರಡು ತಿಂಗಳಲ್ಲಿ ಅವಳ ಶೇಂಗಾ ಚಟ್ನಿ ಅರ್ಧಕ್ಕರ್ಧ ಅವನ ತಟ್ಟೆಗೇ ಹೋಗಿತ್ತು. ಮನಸ್ಸೂ ಅದರ ಹಿಂದೆಯೇ ಹೋಗಿದ್ದು ಅವಳಿಗೆ ತಡವಾಗಿ ತಿಳಿಯಿತು.

ತಿಳಿದದ್ದು ಯಹೂದಿಗಳ ಹೊಸ ವರ್ಷದ ಊಟದಲ್ಲಿ. ತೋಟದ ಮೇಲ್ವಿಚಾರಕಿ ತಮಾರ್ ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ, "ವರ್ಷವೆಲ್ಲ ಸಿಹಿಯಾಗಿರಲಿ" ಎನ್ನುತ್ತ ಸಂಗಮೇಶನ ಕೈಗಿಟ್ಟಳು. ಅವನು ನಕ್ಕ. ಇಬ್ಬರೂ ತಲೆ ಹತ್ತಿರ ತಂದು ಬಹಳ ಹೊತ್ತು ಅದೇನೋ ಮಾತಾಡಿ ನಕ್ಕರು.

ಸುವರ್ಣಾಳ ಬಾಯಲ್ಲಿದ್ದ ಜೇನು ಕಹಿಯಾಯಿತು. 'ನನ್ನ ಕೂಡ ಒಂದಿನಾನೂ ಹಿಂಗ ನಕ್ಕಿಲ್ಲ...'

ಹಬ್ಬ ಮುಗಿದ ಮರುದಿನ ತಮಾರ್ ಓಡುತ್ತ ಬಂದಳು. "ಸಂಗಮೇಶ ಲಿಫ್ಟಿನ ಮೇಲಿದ್ದಾನೆ, ಫೋನ್ ಒಯ್ದಿಲ್ಲ. ನಾಲ್ಕು ಗಂಟೆಗೆ ಶೆಡ್ಡಿಗೆ ಬರಲೇಬೇಕು ಅಂತ ಹೇಳು, ಮರೆಯಬೇಡ."

ಸುವರ್ಣಾ ತಲೆಯಾಡಿಸಿದಳು. ಹೇಳಲಿಲ್ಲ.

ನಾಲ್ಕು ಹೊಡೆಯುವಾಗ ಅವನ ಮರದ ಕೆಳಗೇ ನಿಂತು ಗೊನೆ ಎಣಿಸಿದಳು. ಕಾಯಲಿ ಬಿಡು ಅವಳು, ಎಂದುಕೊಂಡಳು.

ಅಂದಿನಿಂದ ತಮಾರ್ ಸಂಗಮೇಶನ ಮುಖ ನೋಡುವುದನ್ನೇ ಬಿಟ್ಟಳು. ಅವನು ಕಾರಣ ತಿಳಿಯದೆ ಪೆಚ್ಚಾಗಿ ಓಡಾಡಿದ. ಸುವರ್ಣಾಳಿಗೆ ಮೊದಲೆರಡು ದಿನ ಒಳಗೊಳಗೇ ಹಿಗ್ಗು. ಆಮೇಲೆ ಅನ್ನ ಇಳಿಯದಾಯಿತು.

ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಬಂತು. ಆ ಉಪವಾಸಕ್ಕೆ ಕೂಡುವ ಮೊದಲು ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು, ಅದು ಅಲ್ಲಿಯ ಪದ್ಧತಿ. ತಮಾರ್ ಅವಳ ಕೋಣೆಗೇ ಬಂದಳು.

"ನಿನ್ನ ಮನಸ್ಸು ನೋಯಿಸಿದ್ದರೆ ಕ್ಷಮಿಸು ಸುವರ್ಣಾ. ಈಗ ಸಂಗಮೇಶನನ್ನೂ ಕೇಳಬೇಕು. ನೀರಾವರಿ ತರಬೇತಿಯವರು ಅವನಿಗೆ ಸೀಟು ಕೊಡಲೆಂದೇ ಬಂದು ಕಾದು ಹೋದರು, ಅವನು ಬರಲಿಲ್ಲ ಅಂತ ಸಿಟ್ಟಾಗಿದ್ದೆ."

ಸುವರ್ಣಾ ಅವಳ ಕೈ ಹಿಡಿದು ನಿಲ್ಲಿಸಿದಳು. "ಸಂಗಮೇಶರ ತಪ್ಪಲ್ಲ. ನಾನೇ ಹೇಳಲಿಲ್ಲ..."

ತಮಾರ್ ಅವಳನ್ನೇ ದಿಟ್ಟಿಸಿದಳು. "ಅವನಿಗೆ ಹೇಳು. ನನ್ನ ಕ್ಷಮೆ ಇದೆ, ಅವನದನ್ನು ನಾನು ಕೊಡಲಾರೆ."

ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ ಸಂಗಮೇಶನಿಗೆ ಅವಳೇ ಹೋಗಿ ಎಲ್ಲವನ್ನೂ ಹೇಳಿದಳು. ಅವನು ನಲ್ಲಿ ನಿಲ್ಲಿಸಿದ.

"ಯಾಕ?"

"ಹೊಟ್ಟಿಕಿಚ್ಚು... ನೀವು ಆಕಿನ್ನ ಭೇಟಿ ಆಗಾಕ ಹೊಂಟೀರಿ ಅಂದ್ಕೊಂಡೆ."

"ಒಂದ ಮಾತ ಕೇಳಿದ್ರ ಆಗ್ತಿತ್ತಲ್ಲ," ಎಂದವನೇ ಹೊರಟುಹೋದ.

ಮರುದಿನ, ಉಪವಾಸದ ದಿನ, ಮರುಭೂಮಿಯ ಹೆದ್ದಾರಿಯಲ್ಲಿ ಒಂದು ಗಾಡಿಯೂ ಓಡಲಿಲ್ಲ. ಊರವರೊಡನೆ ಅವಳೂ ನೀರು ಮುಟ್ಟದೆ ಕೂತಳು. ಅವನು ಕಣ್ಣಿಗೆ ಬೀಳಲಿಲ್ಲ.

ಅದರ ಮಾರನೆಯ ಬೆಳಗ್ಗೆ, ಮುಂದಿನ ಹಬ್ಬವಾದ ಸುಕ್ಕೋತ್‌ಗೆ ಗುಡಿಸಲು ಕಟ್ಟುವ ಗಡಿಬಿಡಿ. ಖರ್ಜೂರದ ಗರಿಗಳ ಹೊರೆಯನ್ನು ಎತ್ತಲಾರದೆ ಎತ್ತುತ್ತಿದ್ದ ಸುವರ್ಣಾಳಿಗೆ ಒಮ್ಮೆಲೇ ಭಾರ ಹಗುರಾಯಿತು. ಇನ್ನೊಂದು ತುದಿ ಸಂಗಮೇಶನ ಕೈಯಲ್ಲಿತ್ತು.

"ಆ ತರಬೇತಿ ಸೀಟು?" ತಲೆ ತಗ್ಗಿಸಿಯೇ ಕೇಳಿದಳು.

"ಬ್ಯಾರೇದವ್ರಿಗೆ ಹೋತು. ಎರಡೂ."

"ಎರಡು?"

"ನಿನ್ನ ಹೆಸರೂ ಕೊಟ್ಟಿದ್ದೆ, ಖಾತ್ರಿ ಆಗೂತನ ನಿನಗ ಹೇಳಬ್ಯಾಡ ಅಂದಿದ್ದೆ. ಸುವರ್ಣಾ ಇಲ್ಲದ ನಾ ಇರಂಗಿಲ್ಲ ಅಂತ ತಮಾರ್‌ಗೆ ಆ ಊಟದಾಗ ಹೇಳಿದ್ದೆ. ಅದಕ್ಕ ಆಕಿ ನಕ್ಕಿದ್ದು."

ಅವನು ಮೊದಲ ಸಲ ಅವಳಿಗೆ ನೀ ಅಂದಿದ್ದ. ಸುವರ್ಣಾಳ ಕಣ್ಣು ತುಂಬಿದವು.

"ಸಿಟ್ಟು ಹೋತೇನ್ರಿ?"

"ಇನ್ನೂ ಐತಿ. ಸೀಟು ಹೋಗಿದ್ದಕ್ಕಲ್ಲ... ನನ್ನ ನಂಬಲಿಲ್ಲಲ್ಲ, ಅದಕ್ಕ." ಗರಿಗಳನ್ನು ಗುಡಿಸಲಿನ ಮೇಲೆ ಹಾಸಿ ಅವನು ಕೈ ಕೊಡವಿದ. "ನಮ್ಮ ಕಡೆ ಇದಕ್ಕ ಏನಂತೀವಿ?"

"ಹಂದರ."

"ಊರಿಗೆ ಹೋದ ಮ್ಯಾಲೆ, ಇಂಥದ್ದೊಂದು ನಿಮ್ಮ ಮನಿ ಮುಂದ ಹಾಕ್ಸಾಕ ನಿಮ್ಮ ಅಪ್ಪಾರನ್ನ ಕೇಳ್ಲೇನು?"

ಅವಳು ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಮೊದಲ ನಮ್ಮವ್ವನ್ನ ಕೇಳ್ರಿ. ಅಪ್ಪಾನ್ನ ಆಕಿನ ಒಪ್ಪಸ್ತಾಳ."