ರಾಜರ ಗಡ್ಡ

ನನ್ನದು ಕ್ಷೌರದಂಗಡಿ, ಹುಚ್ಚು ಮಾತ್ರ ಹಳೆಯ ನೋಟುಗಳದ್ದು. ಆಣೆ ಕಾಲದ, ರಾಜರ ಚಿತ್ರವಿರುವ ನೋಟು ಕಂಡರೆ ಬಿಡುವವನಲ್ಲ. ಗುಜರಿಯವನಿಂದ ಕೊಂಡ ಒಂದರಲ್ಲಿ ರಾಜರ ಗಡ್ಡ ಎದೆಯವರೆಗೆ ಇಳಿದಿತ್ತು. ಅದಕ್ಕೆ ಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದೆ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ತೂಕಡಿಸುತ್ತಿದ್ದಾಗ ಯಾರೋ ಕೆಮ್ಮಿದರು. ಕಣ್ಣು ಬಿಟ್ಟರೆ ಯಾರೂ ಇಲ್ಲ. ಆದರೆ ಕುರ್ಚಿಯ ಮೆತ್ತೆ ದಪ್ಪ ಆಸಾಮಿ ಕೂತ ಹಾಗೆ ತಗ್ಗಿತ್ತು, ಮುಟ್ಟಿದರೆ ಮಂಜುಗಡ್ಡೆ.

"ಏನು ಮಾಡ್ಲಿ ಸ್ವಾಮಿ?" ಹೆದರಿಕೆಯಲ್ಲೂ ಬಾಯಿಗೆ ಬಂದದ್ದು ಕಸುಬಿನ ಮಾತೇ.

"ಗಡ್ಡ ಸ್ವಲ್ಪ ಚಿಕ್ಕದು ಮಾಡಪ್ಪ. ಸೆಕೆ," ಎಂದಿತು ಖಾಲಿ ಕುರ್ಚಿ.

ಗಾಳಿಯಲ್ಲಿ ಕತ್ತರಿ ಆಡಿಸಿದೆ. ಕಚಕಚ ಸದ್ದಾಗಿ ಬಿಳಿ ಕೂದಲು ನನ್ನ ಪಾದದ ಮೇಲೆ ಉದುರಿತು. ಮೆತ್ತೆ ಮೆಲ್ಲಗೆ ಮೇಲೆದ್ದಿತು.

ಊಟ ತಂದ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಕೂದಲು ನೋಡಿದಳು, ನೋಟು ನೋಡಿದಳು.

"ರಾಜ ಆದ್ರೇನ್ರೀ, ದುಡ್ಡು ಕೊಟ್ನಾ?"

"ಅವರೇ ದುಡ್ಡಲ್ವೇನೇ!"

ಮರುದಿನ ನೋಟುಗಳ ವ್ಯಾಪಾರಿ ಬಂದು ಭೂತಗನ್ನಡಿ ಹಿಡಿದು ನೋಡಿದ. "ಕಾಗದ, ಮಸಿ ಎಲ್ಲ ಅಸಲಿ. ಆದ್ರೆ ಈ ರಾಜರಿಗೆ ಇಷ್ಟು ಚಿಕ್ಕ ಗಡ್ಡ ಇರೋ ನೋಟು ನಾನೆಲ್ಲೂ ನೋಡಿಲ್ವಲ್ಲ!"

ಅಂದಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟಿದ್ದೇನೆ. ನೋಟಿನಲ್ಲಿ ರಾಜರ ಗಡ್ಡ ಮಾತ್ರ ಈಗ ಮತ್ತೆ ಕುತ್ತಿಗೆ ದಾಟಿ ಬೆಳೆದಿದೆ.