ಡಿಸ್ಚಾರ್ಜ್ ಆಗದ ಸತ್ಯಪ್ಪ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ಹಾಸಿಗೆಯನ್ನು ನಾನೇ ಕೈಯಿಟ್ಟು ನೋಡಿದ್ದೇನೆ.

ಬೆಳಗಾವಿ ಕ್ಯಾಂಪಿನಲ್ಲಿರುವ ನಮ್ಮ ಆಸ್ಪತ್ರೆ ಕ್ಲೌಡ್ ಸಾಫ್ಟ್‌ವೇರ್‌ಗೆ ಬದಲಾಗಿತ್ತು. ಖಾನಾಪುರದ ಶಾಖೆಯನ್ನೂ ಅದಕ್ಕೆ ತಂದೇ ತೀರುತ್ತೇನೆಂದು ಹಟ ಹಿಡಿದು ಹೋಗಿದ್ದೆ. ಅಲ್ಲಿನ ವಾರ್ಡಿನ ಕಿಟಕಿ ಬಳಿಯ ಹಾಸಿಗೆ ಖಾಲಿಯಿತ್ತು. ಶಾಖೆಯ ದಾಖಲೆಗಳನ್ನು ಹೊಸ ಸಾಫ್ಟ್‌ವೇರ್‌ಗೆ ಏರಿಸಿ ನೋಡಿದರೆ, ಪರದೆಯ ಮೇಲೆ ಮಾತ್ರ ಅಲ್ಲಿ ದೇಸೂರಿನ ಸತ್ಯಪ್ಪ ಇನ್ನೂ ಮಲಗಿದ್ದ.

"ಕೊನಿ ಉಸಿರು ಮನ್ಯಾಗ ಹೋಗ್ಲಿ ಅಂತ ಹೋದ ವಾರ ಮನಿಮಂದಿ ಯಾರಿಗೂ ಹೇಳ್ದ ಎತ್ಕೊಂಡು ಹೋದ್ರು. ಮನಿ ಮುಟ್ಟೂದ್ರಾಗ ಮುದುಕ ತೀರಿಕೊಂಡಿದ್ದ," ಎಂದಳು ನರ್ಸ್ ಕಾಡವ್ವ. "ಡಿಸ್ಚಾರ್ಜ್ ಯಾರೂ ಮಾಡಿಲ್ರಿ. ಹಾಸಿಗಿ ಒಮ್ಮೆ ಮುಟ್ಟಿ ನೋಡ್ರಿ."

ಒಗೆದ ಚಾದರ, ಮೇಲೆ ತಿರುಗುವ ಫ್ಯಾನ್. ಆದರೂ ಹಾಸಿಗೆ, ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು. ದಿಂಬು ಮಗುಚಿ ಹಾಕಿದೆ. ಆ ಮಗ್ಗುಲೂ ಬೆಚ್ಚಗೇ.

ಹೆದರಿ ಕೆಲಸ ಬಿಟ್ಟು ಬರುವವನು ನಾನಲ್ಲ. ಡಿಸ್ಚಾರ್ಜ್ ಬಟನ್ ಒತ್ತಿದೆ. ನನ್ನ ಅಂಗೈ ಕೆಳಗೇ ಹಾಸಿಗೆ ತಣ್ಣಗಾಯಿತು.

'ರೋಗಿಯನ್ನು ಮನೆಗೆ ಕಳಿಸಲಾಗಿದೆ' ಎಂಬ ಮೆಸೇಜ್ ತಾನಾಗಿಯೇ ಮನೆಯವರಿಗೆ ಹೋಗುತ್ತದೆಂಬುದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ವಾರ್ಡಿನ ಫೋನಿಗೆ ಸತ್ಯಪ್ಪನ ಮಗಳು ಶೀತಲಳ ಕರೆ ಬಂತು. ಬೈಸಿಕೊಳ್ಳಲು ಸಿದ್ಧನಾಗಿಯೇ ಎತ್ತಿದೆ.

"ಮೆಸೇಜ್ ಬಂತ್ರಿ, ಸರ್," ಎಂದಳು ಆಕೆ ಮೆಲ್ಲಗೆ. "ಇಲ್ಲಿ ಮನ್ಯಾಗ ಅಪ್ಪನ ಹಾಸಿಗಿ ಬೆಚ್ಚಗಾಗೇತಿ. ಊಟಕ್ಕ ಏನ್ ಕೊಡ್ಲಿ?"